ಮುದ್ದೆ ನುಂಗುವವನು ಅಗಿಯಲು ಕಲಿತದ್ದು

ಕೋಲಾರದ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡ ಮೇಲೆ ಮಂಡಿಗೆ ಬರುವ ರೈತರು, ಲಾರಿ ಡ್ರೈವರ್‌ಗಳು, ಊರ ಕಡೆಯ ನೆಂಟರು ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಖರ್ಚೆಷ್ಟಾಯ್ತು, ಎಷ್ಟು ಕೆಜಿ ಇಳಿದ್ರಿ. ಊಟ ಹೇಗೆ ಮಾಡ್ತೀರಿ ಅಂತ ಕೇಳುವವರು ಕಮ್ಮಿ. ವಿಷಯ ಇರುವುದೆಲ್ಲ ಅಲ್ಲೇ.

ನನ್ನ ಎತ್ತರ 170 ಸೆಂಟಿಮೀಟರ್, ಆಗ ತೂಕ 122 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 42ರ ಹತ್ತಿರ. ಶುಗರ್, ಬಿಪಿ ಎರಡೂ ಇದ್ದವು. ರಾತ್ರಿ ಗೊರಕೆ ಹೊಡೆಯುತ್ತಾ ಮಧ್ಯೆ ಮಧ್ಯೆ ಉಸಿರೇ ನಿಲ್ಲುತ್ತಿತ್ತು ಅಂತ ನಮ್ಮನೆಯವಳು ಹೇಳುತ್ತಿದ್ದಳು. ಬೆಂಗಳೂರಿನ ಡಾಕ್ಟರು ಸ್ಲೀವ್ ಆಪರೇಷನ್ ಸಾಕು ಅಂದರು. ಹೊಟ್ಟೆಯ ಚೀಲವನ್ನು ಉದ್ದಕ್ಕೆ ಕತ್ತರಿಸಿ, ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದುಬಿಡುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ. ಹಾಗಾಗಿ ಜಾಗವೂ ಕಮ್ಮಿ, ಹಸಿವೂ ಕಮ್ಮಿ. ಆದರೆ ಕಡಿಮೆಯಾಗುವುದು ಹೊಟ್ಟೆಯ ಹಸಿವು ಮಾತ್ರ. ಒಗ್ಗರಣೆ ವಾಸನೆ ಬಂದಾಗ ಬಾಯಲ್ಲಿ ನೀರೂರುವುದು ಅದರ ಪಾಡಿಗೆ ಇರುತ್ತದೆ.

ಇನ್ಶೂರೆನ್ಸ್ ಇರುವವರು ಮೊದಲೇ ಪಾಲಿಸಿ ಓದಿಕೊಳ್ಳಿ. ಸಾಮಾನ್ಯವಾಗಿ ಬಿಎಂಐ 40 ದಾಟಿರಬೇಕು, ಇಲ್ಲವೇ 35 ದಾಟಿ ಹತೋಟಿಗೆ ಬಾರದ ಶುಗರ್, ಹೃದಯದ ಕಾಯಿಲೆ, ಜೋರಾದ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಇಂಥದ್ದೇನಾದರೂ ಇರಬೇಕು. ಡಾಕ್ಟರುಗಳ ಲೆಕ್ಕ ಬೇರೆ. 2022ರಲ್ಲಿ ಬಂದ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಇದನ್ನು ಯೋಚಿಸಬಹುದು ಅಂತಿದೆ. ಡಾಕ್ಟರು ಒಪ್ಪಿದರು ಅಂದಮಾತ್ರಕ್ಕೆ ಕಂಪನಿ ದುಡ್ಡು ಕೊಡುತ್ತದೆ ಅಂತಲ್ಲ.

ತಯಾರಿ ಅಂದರೆ ಬರೀ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಅಲ್ಲ. ಆಪರೇಷನ್‌ಗೆ ಮುಂಚಿನ ಎರಡು ವಾರ ಅನ್ನ, ಮುದ್ದೆ, ಸಕ್ಕರೆ ಬಿಡಿಸಿ ಪ್ರೋಟೀನ್ ಪುಡಿ, ಮಜ್ಜಿಗೆ, ತರಕಾರಿ ಸೂಪಿನಲ್ಲೇ ಇರಿಸಿದರು. ತೂಕ ಇಳಿಸೋದಕ್ಕೆ ಅಂದುಕೊಳ್ಳಬೇಡಿ. ದಪ್ಪ ಇರುವವರ ಲಿವರಿನಲ್ಲಿ ಕೊಬ್ಬು ಕೂತಿರುತ್ತದೆ. ಅದರ ಎಡಭಾಗ ಹೊಟ್ಟೆಯ ಚೀಲದ ಮೇಲೇ ಬರುತ್ತದೆ. ಅದನ್ನು ಎತ್ತಿ ಹಿಡಿದೇ ಸರ್ಜನ್ ಕೆಲಸ ಮಾಡಬೇಕು. ಎರಡು ವಾರ ಪಥ್ಯ ಮಾಡಿದರೆ ಲಿವರ್ ಕುಗ್ಗಿ, ಅವರಿಗೆ ಜಾಗ ಸಿಗುತ್ತದೆ. ಬೀಡಿ ಸಿಗರೇಟು ಸೇದುವವರು ಅದಕ್ಕೂ ಎಷ್ಟೋ ವಾರ ಮುಂಚೆ ಬಿಟ್ಟಿರಬೇಕು.

ಮಂಡಿಯಲ್ಲಿ ಬೆಳಗಿನ ಜಾವದಿಂದ ಟೀ ಮೇಲೆ ಟೀ. ಬಂದ ರೈತರಿಗೆ ಕೊಟ್ಟಾಗಲೆಲ್ಲ ನಮಗೂ ಒಂದು ಲೋಟ, ಅದರಲ್ಲಿ ಕಾಲು ಭಾಗ ಸಕ್ಕರೆ. ಊಟ ಬಿಟ್ಟಿದ್ದಕ್ಕಿಂತ ಆ ಟೀ ಬಿಟ್ಟಿದ್ದು ನನಗೆ ಕಷ್ಟವಾಯಿತು. ಟೀ ಹುಡುಗನಿಗೆ ಮೊದಲೇ ಹೇಳಿಟ್ಟಿದ್ದೆ, ನನ್ನ ಮೇಜಿನ ಮೇಲೆ ಲೋಟ ಇಡಲೇಬೇಡ ಅಂತ.

ಇನ್ನು ಮುದ್ದೆ. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಲ್ಲಿ ಅದ್ದಿ ನುಂಗುವುದು. ಅಗಿದರೆ ಹಲ್ಲಿಗೆ ಅಂಟುತ್ತೆ ಅಂತ ಚಿಕ್ಕ ಮಕ್ಕಳಿಗೂ ಹೇಳಿಕೊಡುತ್ತೇವೆ. ಆಪರೇಷನ್ ಆದವರಿಗೆ ಮೊದಲ ನಿಯಮವೇ ಇದಕ್ಕೆ ಉಲ್ಟಾ. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿದು, ಬಾಯಲ್ಲೇ ಗಂಜಿ ಮಾಡಿ ಇಳಿಸಬೇಕು. ಅದಕ್ಕೇ ನಾನು ಆಪರೇಷನ್‌ಗೆ ತಿಂಗಳುಗಟ್ಟಲೆ ಮುಂಚೆಯೇ ಅಭ್ಯಾಸ ಶುರು ಮಾಡಿದ್ದೆ. ಮಧ್ಯಾಹ್ನ ಗಂಗಳದ ಬದಲು ಚಿಕ್ಕ ತಟ್ಟೆ, ಕೈಗೊಂದು ಟೀ ಚಮಚ. ಊಟದ ಜೊತೆ ಇಡುವ ನೀರಿನ ಚೊಂಬನ್ನು ಅಡುಗೆಮನೆಯಲ್ಲೇ ಬಿಡುವುದು. ಊಟಕ್ಕೂ ನೀರಿಗೂ ಮಧ್ಯೆ ಅರ್ಧ ಗಂಟೆ ಬಿಡುವುದು. ಅಮ್ಮ ನೋಡಿ, "ಇದೇನೋ, ಹಸು ಮೆಲುಕು ಹಾಕ್ದಂಗೆ" ಅಂತ ನಗುತ್ತಿದ್ದರು. ನಗಲಿ. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು ಇದನ್ನೆಲ್ಲ ಹೊಸದಾಗಿ ಕಲಿಯೋಕಾಗುತ್ತಾ?

ಮಂಡಿಯಲ್ಲಿ ಮಾಲು ಕಮ್ಮಿ ಇರುವ ಚಳಿಗಾಲದಲ್ಲಿ ಆಪರೇಷನ್ ಇಟ್ಟುಕೊಂಡೆವು. ಹೊಟ್ಟೆ ಮೇಲೆ ಐದಾರು ಸಣ್ಣ ತೂತು, ಅಷ್ಟೇ. ಪ್ರಜ್ಞೆ ಬಂದು ಕೆಲವೇ ಗಂಟೆಗಳಲ್ಲಿ ಎಬ್ಬಿಸಿ ನಡೆಸಿದರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಹೊಟ್ಟೆ ನೋವಿಗಿಂತ ಭುಜದ ನೋವು ಜಾಸ್ತಿ ಇತ್ತು. ಆಪರೇಷನ್ ಸಮಯದಲ್ಲಿ ಹೊಟ್ಟೆಗೆ ತುಂಬುವ ಗ್ಯಾಸಿನಿಂದ ಹಾಗಾಗುತ್ತದೆ, ನಡೆದಾಡಿದರೆ ಇಳಿಯುತ್ತದೆ. ಶುಗರ್ ಮಾತ್ರೆ, ಬಿಪಿ ಮಾತ್ರೆ ಎರಡನ್ನೂ ಡಿಸ್ಚಾರ್ಜ್ ಹೊತ್ತಿಗೇ ಇಳಿಸಿ ಬರೆದುಕೊಟ್ಟರು. ಊಟ ಇಷ್ಟು ಕಮ್ಮಿಯಾದ ಮೇಲೆ ಹಳೇ ಡೋಸನ್ನೇ ನುಂಗಿದರೆ ಶುಗರ್ ಪಾತಾಳಕ್ಕೆ ಇಳಿಯುತ್ತದೆ. ಮನೆಯಲ್ಲಿ ಉಳಿದಿದ್ದ ಹಳೇ ಚೀಟಿ ಹರಿದುಹಾಕಿದೆವು.

ಮೊದಲು ತಿಳಿ ನೀರು, ಆಮೇಲೆ ಗಟ್ಟಿ ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಕೊನೆಗೆ ಮೆತ್ತಗಿನ ಊಟ. ಒಂದೂವರೆ ಎರಡು ತಿಂಗಳಲ್ಲಿ ಈ ಮೆಟ್ಟಿಲುಗಳನ್ನು ಹತ್ತಬೇಕು. ಇಲ್ಲಿ ನಮ್ಮ ಕೋಲಾರದ ಅಡುಗೆ ಕೈ ಹಿಡಿಯಿತು. ಹುರುಳಿಕಾಳು ಬೇಯಿಸಿದ ಕಟ್ಟನ್ನು ಸೋಸಿ, ಖಾರ ಹಾಕದೆ, ಉಪ್ಪು ಜೀರಿಗೆ ಹಾಕಿ ಒಂದೊಂದೇ ಗುಟುಕು ಕುಡಿಯುತ್ತಿದ್ದೆ. ರುಬ್ಬುವ ಹಂತ ಬಂದಾಗ ಅವರೆಕಾಯಿ ಕಾಲ. ಹಿತಕಿದ ಬೇಳೆಗೆ ಸಿಪ್ಪೆ ಇರುವುದಿಲ್ಲವಲ್ಲ, ಬೇಯಿಸಿ ಮಿಕ್ಸಿಗೆ ಹಾಕಿದರೆ ಬೆಣ್ಣೆ. ಇಡೀ ಮನೆ ಹಿತಕಿದ ಬೇಳೆ ಸಾರು ಉಣ್ಣುವಾಗ ನಾನೂ ಒಂದು ಪುಟ್ಟ ಬಟ್ಟಲು ಹಿಡಿದು ಜೊತೆಗೆ ಕೂರುತ್ತಿದ್ದೆ. ಬೇರೆ ಅಡುಗೆ, ಬೇರೆ ಹೊತ್ತು ಅಂತ ಆಗಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ.

ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಬೇಕು ಅಂತಾರೆ ಡಯಟಿಷಿಯನ್. ಕೇಳೋಕೆ ಸುಲಭ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ನಾಲ್ಕು ಚಮಚಕ್ಕೆ ಹೊಟ್ಟೆ ತುಂಬುವವನು ಇದನ್ನು ಹೇಗೆ ಮುಟ್ಟಬೇಕು? ಅದಕ್ಕೆ ತಟ್ಟೆಯಲ್ಲಿ ತಿನ್ನುವ ಕ್ರಮವನ್ನೇ ಬದಲಾಯಿಸಬೇಕು. ಬಸ್ಸಾರಿನ ಕಾಳು, ಮೊಟ್ಟೆ, ಪನೀರು ಮೊದಲು. ಆಮೇಲೆ ಸೊಪ್ಪಿನ ಪಲ್ಯ. ಜಾಗ ಉಳಿದರೆ ನಿಂಬೆಹಣ್ಣಿನ ಗಾತ್ರದ ಮುದ್ದೆ. ನಾನು ಮತ್ತೆ ಮುದ್ದೆ ಮುಟ್ಟಿದ್ದು ಡಾಕ್ಟರು ಒಪ್ಪಿದ ಮೇಲೆ, ತಿಂಗಳುಗಳು ಕಳೆದು. ಅದೂ ಅಗಿದೇ. ಅಂಟುತ್ತದೆ ನಿಜ. ತಿಳಿಯಾದ ಬಸ್ಸಾರಲ್ಲಿ ಚೆನ್ನಾಗಿ ಕಿವುಚಿಕೊಂಡರೆ ಪರವಾಗಿಲ್ಲ.

ಅವಸರ ಮಾಡಿದರೆ ದೇಹವೇ ಹೇಳುತ್ತದೆ. ಎದೆಯ ಮಧ್ಯೆ ಏನೋ ಸಿಕ್ಕಿಕೊಂಡ ಹಾಗೆ ಒತ್ತುತ್ತದೆ, ಬಾಯಿ ತುಂಬ ನೊರೆ ನೊರೆ ಜೊಲ್ಲು ಬರುತ್ತದೆ. ಚಮಚ ಕೆಳಗಿಟ್ಟು ಎದ್ದು ನಿಲ್ಲುವುದೇ ದಾರಿ. ಅದರ ಮೇಲೆ ನೀರು ಕುಡಿದರೆ ಎಲ್ಲ ವಾಪಸ್. ಸಿಹಿಯ ಕಥೆ ಬೇರೆ. ಕೆಲವರಿಗೆ ಒಬ್ಬಟ್ಟು, ಪಾಯಸ ತಿಂದ ಸ್ವಲ್ಪ ಹೊತ್ತಿಗೆ ಎದೆ ಹೊಡೆದುಕೊಂಡು ಬೆವರು ಕಿತ್ತು ಬರುತ್ತದೆ. ಸ್ಲೀವ್ ಬದಲು ಹೊಟ್ಟೆಯ ಬೈಪಾಸ್, ಅಂದರೆ ಚಿಕ್ಕ ಚೀಲ ಮಾಡಿ ನೇರ ಕರುಳಿಗೆ ಜೋಡಿಸುವ ಆಪರೇಷನ್, ಮಾಡಿಸಿಕೊಂಡವರಲ್ಲಿ ಇದು ಜಾಸ್ತಿ.

ಎಲ್ಲಕ್ಕಿಂತ ತಲೆನೋವು ಬೀಗರೂಟ. ಎಲೆ ಮುಂದೆ ಕೂತು ಸಾಕು ಅಂದರೆ ಯಾರು ಕೇಳ್ತಾರೆ? "ಏನಣ್ಣಾ, ನಮ್ಮನೆ ಊಟ ಸೇರಲ್ವಾ?" ಅಂತ ಬಾವ ಮುನಿಸಿಕೊಂಡಿದ್ದೂ ಇದೆ. ಈಗ ಪಂಕ್ತಿಯಲ್ಲಿ ಕೂರುವುದೇ ಇಲ್ಲ, ಬಡಿಸೋಕೆ ನಿಲ್ಲುತ್ತೇನೆ. ಕೈಯಲ್ಲಿ ಸಾರಿನ ಬಕೆಟ್ ಹಿಡಿದವನಿಗೆ ಉಣ್ಣು ಅಂತ ಯಾರೂ ಬಲವಂತ ಮಾಡುವುದಿಲ್ಲ. ಕೊನೆಗೆ ಅಡುಗೆಯವರ ಹತ್ತಿರ ಮೆತ್ತಗೆ ಬೆಂದ ಕೈಮಾ ಉಂಡೆ ಒಂದನ್ನು ಇಸ್ಕೊಂಡು, ನಿಧಾನಕ್ಕೆ ತಿಂದು ಬರುತ್ತೇನೆ.

ಒಂದು ವರ್ಷದಲ್ಲಿ ಇಳಿದದ್ದು 40 ಕೆಜಿಯ ಹತ್ತಿರ. ಮಂಡಿ ಭಾಷೆಯಲ್ಲಿ ಹೇಳಬೇಕೆಂದರೆ 15 ಕೆಜಿಯ ಮೂರು ಬಾಕ್ಸಿಗೆ ಸ್ವಲ್ಪ ಕಮ್ಮಿ. ಒಂದೇ ಸಮ ಇಳಿಯಲಿಲ್ಲ. ಮೊದಲ ತಿಂಗಳಲ್ಲೇ ಮುಳ್ಳು ಅಲ್ಲಾಡದೆ ನಿಂತಿತ್ತು. ಇದು ತುಂಬಾ ಜನಕ್ಕೆ ಆಗುತ್ತದೆ, ತಾನಾಗೇ ಸರಿಹೋಗುತ್ತದೆ. ಮೂರ್ನಾಲ್ಕು ತಿಂಗಳಿಗೆ ಕೂದಲು ಬಾಚಣಿಗೆ ತುಂಬ ಬಂತು, ಆಮೇಲೆ ಮತ್ತೆ ಹುಟ್ಟಿತು. ಬೇಗ ತೂಕ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗಬಹುದು ಅಂತ ಆರು ತಿಂಗಳು ಅದಕ್ಕೊಂದು ಮಾತ್ರೆ ಕೊಟ್ಟಿದ್ದರು. ಬಿ12, ಡಿ, ಕ್ಯಾಲ್ಸಿಯಂ, ಕಬ್ಬಿಣ ಇವು ಮಾತ್ರ ಜೀವನಪೂರ್ತಿ. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಒಟ್ಟಿಗೆ ನುಂಗಬಾರದು, ಎರಡು ಗಂಟೆ ಅಂತರ ಇರಲಿ. ಮಂಡಿಯಲ್ಲಿ ಸೊಂಟ ಹಿಡಿದರೆ ಮೆಡಿಕಲ್ ಶಾಪಿಗೆ ಹೋಗಿ ಮೈಕೈ ನೋವಿನ ಮಾತ್ರೆ ತಂದು ನುಂಗುವುದು ನಮ್ಮ ಜನಕ್ಕೆ ರೂಢಿ. ನಮಗೆ ಅದು ಆಗಿಬರಲ್ಲ. ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಡಾಕ್ಟರನ್ನು ಕೇಳದೆ ಬೇಡ.

ನಮ್ಮೂರ ಪಕ್ಕದ ಅಂತರಗಂಗೆ ಬೆಟ್ಟದ ಮೆಟ್ಟಿಲನ್ನು ಈಗ ನಿಂತು ನಿಂತು ಆದರೂ ಹತ್ತುತ್ತೇನೆ. ಹೊಟ್ಟೆಯ ಚರ್ಮ ಜೋಲು ಬಿದ್ದಿದೆ. ಬೇಸಿಗೆಯಲ್ಲಿ ಆ ಮಡಿಕೆಯೊಳಗೆ ಬೆವರಿ ಕೆಂಪಾಗುತ್ತದೆ. ಸ್ನಾನ ಆದಮೇಲೆ ಚೆನ್ನಾಗಿ ಒರೆಸಿ ಪೌಡರ್ ಹಾಕಿಕೊಳ್ಳುತ್ತೇನೆ. ಅದನ್ನೂ ಕತ್ತರಿಸಿ ತೆಗೆಯುವ ಆಪರೇಷನ್ ಇದೆ, ಆದರೆ ತೂಕ ಒಂದು ಕಡೆ ನಿಂತಮೇಲೇ ಮಾಡುವುದು. ಸದ್ಯಕ್ಕೆ ಅದರ ಯೋಚನೆ ಇಲ್ಲ. ಹಳೇ ಪ್ಯಾಂಟುಗಳನ್ನು ಹಿಡಿಸೋಕೆ ಟೈಲರ್‌ಗೆ ಕೊಟ್ಟಿದ್ದೆ, ಇಷ್ಟು ಬಟ್ಟೆ ಒಳಗೆ ಮಡಿಸೋದಕ್ಕಿಂತ ಹೊಸದು ಹೊಲಿಸಿಕೊಳ್ಳಿ ಅಂತ ವಾಪಸ್ ಕಳಿಸಿದ.