ವೀಸಾ, ಗ್ರೀನ್ ಕಾರ್ಡ್, ಸಿಟಿಜನ್‌ಶಿಪ್: ಅಮೆರಿಕದ ಕಾನೂನು ಯಾರನ್ನು ಎಷ್ಟು ಕಾಯುತ್ತದೆ?

ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟ್ ಹತ್ತಿರದ ಸ್ಯಾನ್ ಬ್ರೂನೊದಲ್ಲಿ, ಬಾರ್ಟ್ ರೈಲು ನಿಲ್ದಾಣದ ಪಕ್ಕದ ಮಾಲ್ ಇರುವ ಜಾಗದಲ್ಲಿ ಹಿಂದೆ ಟ್ಯಾನ್‌ಫರಾನ್ ರೇಸ್‌ಕೋರ್ಸ್ ಇತ್ತು. ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದ 1942ರಲ್ಲಿ ಜಪಾನಿ ಮೂಲದ ಸುಮಾರು 8,000 ಜನರನ್ನು ಅಲ್ಲಿ ಕೂಡಿಹಾಕಿದರು. ಎಷ್ಟೋ ಕುಟುಂಬಗಳು ಕುದುರೆ ಲಾಯದಲ್ಲೇ ತಿಂಗಳುಗಟ್ಟಲೆ ಕಳೆದವು. ಅಧ್ಯಕ್ಷ ರೂಸ್‌ವೆಲ್ಟ್ ಅವರ 9066ನೇ ಆದೇಶದ ಬಲದಿಂದ ಒಟ್ಟು 1,20,000ದಷ್ಟು ಜನ ಮನೆ, ಅಂಗಡಿ, ಹೊಲ ಬಿಟ್ಟು ಶಿಬಿರ ಸೇರಬೇಕಾಯಿತು. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ. ಮೂವರಲ್ಲಿ ಇಬ್ಬರು ಇಲ್ಲೇ ಹುಟ್ಟಿದ ಪ್ರಜೆಗಳು!

"ಸಿಟಿಜನ್‌ಶಿಪ್ ಬಂದರೆ ಮತ್ತೆ ಯಾರೂ ಮುಟ್ಟಲ್ಲ" ಎಂದು ನಮ್ಮವರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಈ ಮೂರರಲ್ಲಿ ಇಬ್ಬರು ನೆನಪಾಗುತ್ತಾರೆ. ಹಾಗೆಂದು "ವೀಸಾದವರಿಗೆ ಹಕ್ಕೇ ಇಲ್ಲ" ಎನ್ನುವುದೂ ತಪ್ಪು. ಸಂವಿಧಾನದ 14ನೇ ತಿದ್ದುಪಡಿ ಸಮಾನ ರಕ್ಷಣೆಯನ್ನು ಪ್ರಜೆಗಳಿಗಷ್ಟೇ ಮೀಸಲಿಟ್ಟಿಲ್ಲ. 1886ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಅಗಸರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಆ ಅಗಸರು ಪ್ರಜೆಗಳಾಗಿರಲಿಲ್ಲ.

ಕೆಲಸದ ಜಾಗದ ಮಾತಿಗೆ ಬಂದರೆ, 15 ಅಥವಾ ಹೆಚ್ಚು ನೌಕರರಿರುವ ಕಂಪನಿ ನಿಮ್ಮ ಜನಾಂಗ, ಧರ್ಮ, ಮೂಲ ದೇಶ ನೋಡಿ ತಾರತಮ್ಯ ಮಾಡಿದರೆ 1964ರ ಸಿವಿಲ್ ರೈಟ್ಸ್ ಕಾಯ್ದೆ ಎಚ್-1ಬಿ ಕೆಲಸದ ವೀಸಾದವರಿಗೂ ಅನ್ವಯಿಸುತ್ತದೆ. ಇಂಥ ತಾರತಮ್ಯದ ದೂರು ನೋಡುವ ಕೇಂದ್ರ ಸಂಸ್ಥೆ ಇಇಒಸಿಗೆ ದೂರು ಕೊಡಲು 180 ದಿನ, ರಾಜ್ಯದ್ದೇ ಸಂಸ್ಥೆ ಇರುವ ಕ್ಯಾಲಿಫೋರ್ನಿಯಾದಂಥ ಕಡೆ 300 ದಿನ. ಎಚ್‌ಆರ್ ಉತ್ತರಕ್ಕೆ ಕಾಯುತ್ತಾ ಈ ಗಡುವು ಕಳೆದುಕೊಳ್ಳಬೇಡಿ. "ಸಿಟಿಜನ್ ಅಲ್ಲ" ಎಂಬ ಕಾರಣಕ್ಕಷ್ಟೇ ಕೆಲಸ ತಪ್ಪಿದರೆ ಮಾತ್ರ ಈ ಕಾಯ್ದೆ ನೆರವಿಗೆ ಬರುವುದಿಲ್ಲ.

ಯುದ್ಧಕಾಲದ ಲೆಕ್ಕ ಬೇರೆ. 1942ರ ಆ ಆದೇಶಕ್ಕೆ ತಲೆಬಾಗದ ಓಕ್‌ಲ್ಯಾಂಡಿನ ಫ್ರೆಡ್ ಕೊರೆಮಾಟ್ಸು 1944ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 6-3ರಿಂದ ಸೋತರು. ಅವರ ಶಿಕ್ಷೆ ರದ್ದಾದದ್ದು 1983ರಲ್ಲಿ. 1988ರ ಕಾಯ್ದೆಯಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು. ಹಾಗಾಗಿ ಕೋರ್ಟಿದೆ ಎಂದು ಸುಮ್ಮನೆ ಕೂರುವವರ ಪೈಕಿ ನಾನಲ್ಲ. ಈಗ ಪ್ರಜೆಗಳಿಗೆ 1971ರ ಕಾಯ್ದೆಯ ಆಸರೆ ಇದೆ: ಕಾಂಗ್ರೆಸ್ (ಅಮೆರಿಕದ ಸಂಸತ್ತು) ಮಾಡಿದ ಕಾನೂನಿಲ್ಲದೆ ಪ್ರಜೆಯನ್ನು ಬಂಧಿಸಿಡುವಂತಿಲ್ಲ. ಪ್ರಜೆಗಳಲ್ಲದವರ ಮೇಲೆ 1798ರ ಏಲಿಯನ್ ಎನಿಮೀಸ್ ಕಾಯ್ದೆ ಇನ್ನೂ ತೂಗುತ್ತಿದೆ. ಯುದ್ಧ ಅಥವಾ ಆಕ್ರಮಣದ ಹೊತ್ತಿನಲ್ಲಿ, ಶತ್ರುದೇಶದ ಪ್ರಜೆಯಾಗಿ ಉಳಿದಿರುವ 14 ದಾಟಿದವರನ್ನು ಅದರಡಿ ಹಿಡಿಯಬಹುದು, ಹೊರಗಟ್ಟಬಹುದು; ಗ್ರೀನ್ ಕಾರ್ಡ್ ಇದ್ದರೂ ವಿನಾಯಿತಿ ಇಲ್ಲ. 2025ರಲ್ಲಿ ಇದನ್ನು ವೆನೆಜುವೆಲಾದವರ ಮೇಲೆ ಬಳಸಿದಾಗ, ಮೊದಲೇ ನೋಟಿಸ್ ಕೊಟ್ಟು ಕೋರ್ಟಿಗೆ ಹೋಗಲು ಅವಕಾಶ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು.

ಇದು ಅಮೆರಿಕದ ಪಾಪ ಮಾತ್ರವಲ್ಲ. 1962ರ ಯುದ್ಧದಲ್ಲಿ ಭಾರತವೂ ಚೀನೀ ಮೂಲದ ಸುಮಾರು 3,000 ಜನರನ್ನು ರಾಜಸ್ಥಾನದ ದೇವಳಿಯಲ್ಲಿ ಇಟ್ಟಿತ್ತು.

ಗ್ರೀನ್ ಕಾರ್ಡ್ ಬಂದು ಐದು ವರ್ಷವಾದರೂ ಸಿಟಿಜನ್‌ಶಿಪ್‌ನ ಎನ್-400 ಅರ್ಜಿ ಮುಂದೂಡುತ್ತಿರುವವರು ಇದನ್ನೂ ತೂಗಿ ನೋಡಿ. ಬಂಧನವಾದರೆ ಸುಮ್ಮನಿರುವ ಹಕ್ಕು, ವಕೀಲರನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ. ಭಾರತದ ಪಾಸ್‌ಪೋರ್ಟ್ ಇರುವವರು ನಮ್ಮ ಕಾನ್ಸುಲೇಟ್‌ಗೆ ತಿಳಿಸಿ ಎಂದೂ ಕೇಳಬಹುದು. ಮನೆ ಬಾಗಿಲಿಗೆ ಅಧಿಕಾರಿಗಳು ಬಂದರೆ, ನ್ಯಾಯಾಧೀಶರ ಸಹಿ ಇರುವ ವಾರಂಟ್ ತೋರಿಸಿ ಎನ್ನಿ.