ಐ5-5200ಯು ಲ್ಯಾಪ್‌ಟಾಪ್‌ಗೆ ಇನ್ನೂ ದುಡ್ಡು ಹಾಕಬಹುದೇ? ನನ್ನ ಅನುಭವ

ಗದಗಿನ ನನ್ನ ರಿಪೇರಿ ಟೇಬಲ್ಲಿಗೆ ಈಗಲೂ ಹೆಚ್ಚಾಗಿ ಬರುವುದು 2014ರಿಂದ 2016ರ ನಡುವಿನ ಲ್ಯಾಪ್‌ಟಾಪ್‌ಗಳೇ. ಒಳಗಿರುವುದು ಇಂಟೆಲ್‌ನ ಐ5-4210ಯು, ಐ5-5200ಯು, ಇಲ್ಲವೇ ಐ3-5005ಯು. ತಂದವರು ಕೇಳುವುದೂ ಒಂದೇ ಪ್ರಶ್ನೆ: "ಪ್ರೊಸೆಸರ್ ಹಳೇದಾಗೇತ್ರಿ, ಹೊಸಾದ ತಗೋಬೇಕೇನು?" ಇಸವಿ ನೋಡಿ ನಾನು ಉತ್ತರ ಹೇಳುವುದಿಲ್ಲ. ಮಷಿನ್ ಎಲ್ಲಿ ತಡೆದು ನಿಲ್ಲುತ್ತಿದೆ ಎಂದು ಅಳೆದು ನೋಡಿದ ಮೇಲೆ ಹೇಳುತ್ತೇನೆ. ಬಹಳ ಸಲ ತಪ್ಪು ಪ್ರೊಸೆಸರ್‌ದಾಗಿರುವುದಿಲ್ಲ.

ಉದಾಹರಣೆಗೆ ಐ5-5200ಯು ತೆಗೆದುಕೊಳ್ಳೋಣ. 2015ರ ಆರಂಭದಲ್ಲಿ ಬಂದ 5ನೇ ತಲೆಮಾರಿನ ಚಿಪ್. 2 ಕೋರ್ (ಲೆಕ್ಕ ಮಾಡುವ ಭಾಗ), 4 ಥ್ರೆಡ್ (ಒಮ್ಮೆಗೆ ಹಿಡಿಯಬಲ್ಲ ಕೆಲಸಗಳು), 3 ಎಂಬಿ ಕ್ಯಾಶ್ (ಚಿಪ್ಪಿನೊಳಗಿನ ಸಣ್ಣ ಮೆಮೊರಿ), 15 ವ್ಯಾಟ್. ಮೂಲ ವೇಗ 2.2 ಗಿಗಾಹರ್ಟ್ಸ್, ಎರಡೂ ಕೋರ್ ದುಡಿಯುವಾಗ 2.5ರವರೆಗೆ, ಒಂದೇ ಕೋರ್ ದುಡಿಯುವಾಗ 2.7ರವರೆಗೆ ಏರುತ್ತದೆ. ದಿನನಿತ್ಯದ ಕೆಲಸಕ್ಕೆ ಇದರ ಒಂದೊಂದು ಕೋರ್ ಇವತ್ತಿಗೂ ಸಾಲುತ್ತದೆ. ಬಿಲ್ಲಿಂಗ್, ವರ್ಡ್, ಎಕ್ಸೆಲ್, ಜಿಎಸ್‌ಟಿ ರಿಟರ್ನ್, ಪಿಡಿಎಫ್ ಓದುವುದು, ಇವೆಲ್ಲ ಒಂದೆರಡು ಕೋರ್‌ಗಳಲ್ಲೇ ಮುಗಿಯುವ ಕೆಲಸ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಬೇಕಾದದ್ದು ಪಾಠದ ವಿಡಿಯೋ, ನೋಟ್ಸ್, ಆನ್‌ಲೈನ್ ಅರ್ಜಿ. ಅಷ್ಟಕ್ಕೆ ಇದು ಧಾರಾಳ ಸಾಕು.

ಅಳೆಯುವುದು ಹೀಗೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟ ಕಣ್ಣೆದುರಿಗೆ ಇಟ್ಟುಕೊಳ್ಳುತ್ತೇನೆ. ಆಮೇಲೆ ಮಾಲೀಕರು ದಿನಾ ಮಾಡುವ ಕೆಲಸವನ್ನೇ ಅವರ ಕೈಯಿಂದ ಮಾಡಿಸುತ್ತೇನೆ. ಡಿಸ್ಕ್ ಶೇ. 100ಕ್ಕೆ ಏರಿ ಸಿಪಿಯು (ಅಂದರೆ ಪ್ರೊಸೆಸರ್) ಶೇ. 20–30ರಲ್ಲಿ ಆಡುತ್ತಿದ್ದರೆ ಪ್ರೊಸೆಸರ್ ಸುಮ್ಮನೆ ಕೂತಿದೆ, ಹಾರ್ಡ್ ಡಿಸ್ಕ್ ಅದನ್ನು ಕಾಯಿಸುತ್ತಿದೆ ಎಂದರ್ಥ. 4 ಜಿಬಿ ರ್‍ಯಾಮ್‌ನಲ್ಲಿ 3.5 ದಾಟಿದ್ದರೆ ರ್‍ಯಾಮ್ ಸಾಲದೆ ವಿಂಡೋಸ್ ಡಿಸ್ಕಿನ ಮೇಲೆ ಹೊರೆ ಹಾಕುತ್ತಿದೆ. ಸಿಪಿಯು 100ರಲ್ಲಿದ್ದು ವೇಗ 2.5 ಗಿಗಾಹರ್ಟ್ಸ್ ತೋರಿಸಿದರೆ ಮಾತ್ರ ನಿಜವಾಗಿ ಪ್ರೊಸೆಸರ್ ಸಾಲುತ್ತಿಲ್ಲ. ಸಿಪಿಯು 100ರಲ್ಲಿದ್ದು ವೇಗ 0.8ರ ಆಸುಪಾಸಿನಲ್ಲೇ ಅಂಟಿಕೊಂಡಿದ್ದರೆ ಅದು ಬೇರೆಯೇ ರೋಗ, ಮುಂದೆ ಹೇಳುತ್ತೇನೆ.

ಡಿಸ್ಕ್ ವಿಷಯ ಬೇಗ ಮುಗಿಸುತ್ತೇನೆ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಅರ್ಧ ಸುತ್ತಿಗೇ 5.6 ಮಿಲಿಸೆಕೆಂಡ್ ಬೇಕು. ಅದರ ಮೇಲೆ ಹೆಡ್ (ತಟ್ಟೆಯಿಂದ ಓದುವ ಮುಳ್ಳು) ಸರಿಯುವ ಸಮಯ ಬೇರೆ. ಚಿಕ್ಕ ಚಿಕ್ಕ ಫೈಲ್‌ಗಳನ್ನು ಅಲ್ಲಲ್ಲಿ ಹುಡುಕಿ ಓದುವಾಗ ಸೆಕೆಂಡಿಗೆ ನೂರು ಸಲವೂ ಓದಲಾಗುವುದಿಲ್ಲ. ಚಿಪ್ಪುಗಳಲ್ಲೇ ಫೈಲ್ ಇಡುವ ಎಸ್‌ಎಸ್‌ಡಿಗೆ ಈ ತಿರುಗಾಟವೇ ಇಲ್ಲ. 2.5 ಇಂಚಿನ, 7 ಎಂಎಂ ದಪ್ಪದ ಸಾಟಾ (ಹಳೆ ಹಾರ್ಡ್ ಡಿಸ್ಕಿನದೇ ಜೋಡಣೆ) ಎಸ್‌ಎಸ್‌ಡಿ ಹಳೆ ಡಿಸ್ಕಿನ ಜಾಗದಲ್ಲೇ ಕೂರುತ್ತದೆ. ಎರಡು ಕಡೆ ಎಚ್ಚರ ಬೇಕು. ಆ ಕಾಲದ ಕೆಲವು ಮಾಡೆಲ್‌ಗಳಲ್ಲಿ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಜಾಗ ಇದ್ದರೂ ಅದು ಸಾಟಾ ಮಾತ್ರ ಒಪ್ಪುತ್ತದೆ, ಹೊಸ ಬಗೆಯ ಎನ್‌ವಿಎಂಇ ಹಾಕಿದರೆ ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ ಪುಟ) ಕಾಣುವುದೇ ಇಲ್ಲ. ಡಿವಿಡಿ ಡ್ರೈವ್ ತೆಗೆದು ಅಲ್ಲಿ ಕ್ಯಾಡಿ (ಇನ್ನೊಂದು ಡಿಸ್ಕ್ ಕೂರಿಸುವ ಚೌಕಟ್ಟು) ಹಾಕುವವರು ಎಸ್‌ಎಸ್‌ಡಿಯನ್ನು ಮುಖ್ಯ ಜಾಗದಲ್ಲಿಟ್ಟು ಹಳೆ ಹಾರ್ಡ್ ಡಿಸ್ಕನ್ನು ಕ್ಯಾಡಿಗೆ ಕಳಿಸಬೇಕು, ಏಕೆಂದರೆ ಡಿವಿಡಿ ಕಡೆಯ ಸಾಟಾ ಕೆಲವು ಬೋರ್ಡುಗಳಲ್ಲಿ ನಿಧಾನದ್ದು. ಕ್ಯಾಡಿ 9.5 ಎಂಎಂ ಮತ್ತು 12.7 ಎಂಎಂ, ಎರಡು ದಪ್ಪದಲ್ಲಿ ಸಿಗುತ್ತದೆ. ಡಿವಿಡಿ ಡ್ರೈವನ್ನು ಹೊರಗೆ ತೆಗೆದು ಅಳೆದೇ ಕೊಳ್ಳಿ.

ರ್‍ಯಾಮ್‌ನಲ್ಲಿ ಹುಬ್ಬಳ್ಳಿಗೆ ಹೋಗಿ ತಂದವರೂ ಎಡವುವುದು ಒಂದೇ ಅಕ್ಷರದಲ್ಲಿ. 5200ಯುಗೆ ಬೇಕಾದದ್ದು 1.35 ವೋಲ್ಟಿನ ಡಿಡಿಆರ್3ಎಲ್. ಚೀಟಿಯ ಮೇಲೆ 'ಪಿಸಿ3ಎಲ್-12800ಎಸ್' ಎಂದಿರಬೇಕು. ಆ 'ಎಲ್' ಇಲ್ಲದಿದ್ದರೆ ಅದು 1.5 ವೋಲ್ಟಿನ ಹಳೆಯ ಡಿಡಿಆರ್3. 204 ಪಿನ್ನಿನದೇ ಆದ್ದರಿಂದ ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆ, ಆದರೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. ಬೋರ್ಡ್ ಹೋಯಿತೆಂದು ಅಂಜಬೇಡಿ, ಸರಿಯಾದ ರ್‍ಯಾಮ್ ಹಾಕಿ ನೋಡಿ. ಎರಡು ಸ್ಲಾಟ್ ಇದ್ದರೆ 8 ಜಿಬಿಯ ಒಂದಕ್ಕಿಂತ 4 ಜಿಬಿಯ ಎರಡು ಒಳ್ಳೆಯದು. 1600ರ ವೇಗದಲ್ಲಿ ಒಂದು ಚಾನೆಲ್‌ಗೆ ಸೆಕೆಂಡಿಗೆ 12.8 ಜಿಬಿ ದಾರಿ ಸಿಕ್ಕರೆ ಎರಡಕ್ಕೆ 25.6 ಸಿಗುತ್ತದೆ. ಒಳಗಿನ ಎಚ್‌ಡಿ 5500 ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಅದು ಇದೇ ದಾರಿಯಲ್ಲಿ ಪಾಲು ಕೇಳುತ್ತದೆ.

ಈಗ ನಮ್ಮ ಭಾಗದ ನಿಜವಾದ ಸಮಸ್ಯೆಗೆ ಬರುತ್ತೇನೆ: ಧೂಳು ಮತ್ತು ಬಿಸಿ. ಬೇಸಿಗೆಯಲ್ಲಿ ಗದಗಿನ ಮಧ್ಯಾಹ್ನ 38–40 ಡಿಗ್ರಿಗೆ ಹೋಗುತ್ತದೆ. ಫ್ಯಾನ್ ಒಳಗೆ ಎಳೆದುಕೊಳ್ಳುವ ಗಾಳಿಯೇ ಅಷ್ಟು ಬಿಸಿ ಇದ್ದಾಗ, 25 ಡಿಗ್ರಿಯ ಕೋಣೆಯಲ್ಲಿ ನಡೆಯುತ್ತಿದ್ದ ಅದೇ ಮಷಿನ್ ಹತ್ತು-ಹದಿನೈದು ಡಿಗ್ರಿ ಹೆಚ್ಚು ಕಾಯುತ್ತದೆ. 5200ಯುನ ಮೇಲ್ಮಿತಿ 105 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಂಡು ಬದುಕುತ್ತದೆ. ಬಳಸುವವರಿಗೆ ಅದು "ಹಳೇದಾತು" ಎಂದು ಕಾಣುತ್ತದೆ.

ಧೂಳು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ನವಲಗುಂದ, ರೋಣದ ಕಡೆಯ ಎರಿ ಮಣ್ಣಿನ ಧೂಳು ನುಣ್ಣಗಿರುತ್ತದೆ, ಬ್ರಷ್ಷಿಗೆ ಬಿಡುತ್ತದೆ. ಹತ್ತಿ ಜಿನ್ನಿಂಗ್ ಮಿಲ್ಲಿನ ಆಫೀಸಿನಿಂದ ಬಂದದ್ದರಲ್ಲಿ ಎಳೆ ಎಳೆಯಾದ ಅರಳೆ ಫ್ಯಾನ್ ಮತ್ತು ಹೀಟ್‌ಸಿಂಕ್ (ಪ್ರೊಸೆಸರಿನ ಬಿಸಿ ಹೊರಹಾಕುವ ಲೋಹದ ಭಾಗ) ರೆಕ್ಕೆಗಳ ನಡುವೆ ಕಂಬಳಿ ಹಾಸಿದಂತೆ ಕೂತಿರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಬರುವುದಿಲ್ಲ, ಇನ್ನಷ್ಟು ಒತ್ತಾಗುತ್ತದೆ. ಫ್ಯಾನ್ ಬಿಚ್ಚಿ ಚಿಮಟದಿಂದ ಒಂದೇ ಹಾಳೆಯಾಗಿ ಎತ್ತಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಅಂಗಡಿಯದು. ಕೆಂಪು ಪುಡಿಯಲ್ಲಿ ಎಣ್ಣೆಯ ಅಂಶ ಇರುವುದರಿಂದ ರೆಕ್ಕೆಗಳಿಗೆ ಅಂಟಿಕೊಂಡಿರುತ್ತದೆ. ಅದನ್ನು ಅಂಗಡಿಯೊಳಗೆ ಊದಲೇಬೇಡಿ. ಅಂಗಳಕ್ಕೆ ತಂದು, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಬಿಚ್ಚಬೇಕು. ಹೀಟ್‌ಸಿಂಕನ್ನು ಬೋರ್ಡಿನಿಂದ ಬೇರೆ ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹಳೆ ಟೂತ್‌ಬ್ರಷ್ಷಿನಿಂದ ರೆಕ್ಕೆಗಳನ್ನು ಉಜ್ಜಿ, ಪೂರ್ತಿ ಒಣಗಿಸಿ ಹಾಕುತ್ತೇನೆ.

ಬಿಚ್ಚುವ ಕ್ರಮ ಹೇಳುತ್ತೇನೆ. ಹಿಂದಿನ ಮುಚ್ಚಳ ತೆಗೆದ ತಕ್ಷಣ ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ಚಾರ್ಜ್ ಇಳಿಸಿ. ಬ್ಯಾಟರಿ ಉಬ್ಬಿದ್ದರೆ ಉಳಿದ ಕೆಲಸ ಆಮೇಲೆ, ಮೊದಲು ಅದನ್ನು ಚುಚ್ಚದೆ ಬಾಗಿಸದೆ ಹೊರಗೆ ತೆಗೆಯಿರಿ. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಕೊರೆದಿರುತ್ತಾರೆ. ಸಡಿಲಿಸುವಾಗ 4ರಿಂದ 1ಕ್ಕೆ, ಬಿಗಿಸುವಾಗ 1ರಿಂದ 4ಕ್ಕೆ, ಪ್ರತಿಸಲ ಅರ್ಧರ್ಧ ಸುತ್ತು. ಈ ಚಿಪ್ಪಿನ ಮೇಲೆ ಎರಡು ಕನ್ನಡಿಯಂಥ ಚೌಕಗಳು ಕಾಣುತ್ತವೆ. ದೊಡ್ಡದು ಪ್ರೊಸೆಸರ್, ಚಿಕ್ಕದು ಚಿಪ್‌ಸೆಟ್ (ಡಿಸ್ಕ್, ಯುಎಸ್‌ಬಿ ಮುಂತಾದವನ್ನು ನೋಡಿಕೊಳ್ಳುವುದು). ಎರಡೂ ಬರೀ ಸಿಲಿಕಾನ್, ಮೇಲೆ ಲೋಹದ ಟೋಪಿ ಇಲ್ಲ. ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಬಿಸಿ ದಾಟಿಸಲು ಹಚ್ಚಿದ ಹಳೆ ಪೇಸ್ಟ್ ಕಲ್ಲಾಗಿದ್ದರೂ ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ಮೂಲೆ ಒಡೆದರೆ ಬೋರ್ಡೇ ಹೋಯಿತು. ಆಲ್ಕೋಹಾಲ್ ಹಾಕಿ ಎರಡು ನಿಮಿಷ ನೆನೆಸಿದರೆ ಹತ್ತಿ ಬಟ್ಟೆಗೇ ಬರುತ್ತದೆ. ಹೊಸ ಪೇಸ್ಟ್ ಒಂದು ಅಕ್ಕಿ ಕಾಳಿನಷ್ಟು ಸಾಕು, ಆದರೆ ಇಡೀ ಚೌಕಕ್ಕೆ ತೆಳುವಾಗಿ ಹರಡಿರಬೇಕು. ಚಿಪ್‌ಸೆಟ್ ಮೇಲೆ ಥರ್ಮಲ್ ಪ್ಯಾಡ್ ಇದ್ದರೆ ಅದೇ ದಪ್ಪದ್ದನ್ನೇ ಹಾಕಿ. ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಒಂದು ಬದಿಗೆ ಎದ್ದು ಪ್ರೊಸೆಸರಿಗೆ ಮುಟ್ಟುವುದಿಲ್ಲ. ಬ್ಲೋವರ್ ಬಳಸುವಾಗ ಫ್ಯಾನ್ ಎಲೆಯನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಬಿಟ್ಟರೆ ಬೇರಿಂಗ್ ಸವೆದು ಆಮೇಲೆ ಗರಗರ ಶಬ್ದ ಶುರುವಾಗುತ್ತದೆ.

ಮುಚ್ಚಿದ ಮೇಲೆ ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದಿಟ್ಟು ಹದಿನೈದು ನಿಮಿಷ ಪೂರ್ತಿ ಹೊರೆ ಕೊಡುತ್ತೇನೆ. ಎರಡೂ ಕೋರ್ 2.5 ಗಿಗಾಹರ್ಟ್ಸ್‌ನಲ್ಲಿ ನಿಂತು ಬಿಸಿ 85 ಡಿಗ್ರಿಯೊಳಗೆ ಇದ್ದರೆ ಕೆಲಸ ಸರಿಯಾಗಿದೆ. ಮೊದಲ ನಿಮಿಷದಲ್ಲೇ 95 ದಾಟಿದರೆ ಪೇಸ್ಟ್ ಕೂತಿಲ್ಲ. ನಿಧಾನವಾಗಿ ಏರುತ್ತಲೇ ಹೋದರೆ ಗಾಳಿ ಹೊರಗೆ ಹೋಗುತ್ತಿಲ್ಲ. ಈ ಎರಡರ ವ್ಯತ್ಯಾಸ ತಿಳಿದರೆ ಎರಡನೇ ಸಲ ಬಿಚ್ಚುವಾಗ ಎಲ್ಲಿ ನೋಡಬೇಕೆಂದು ಗೊತ್ತಿರುತ್ತದೆ.

ಮೇಲೆ ಹೇಳಿದ 0.8 ಗಿಗಾಹರ್ಟ್ಸ್ ರೋಗಕ್ಕೆ ಪ್ರೊಸೆಸರಿನ ಬಿಸಿ ಕಾರಣವಲ್ಲ. ಪ್ರೊಸೆಸರಿಗೆ ಹೊರಗಿನಿಂದ ಬರುವ ಒಂದು ತಂತಿ ಇದೆ, ಪ್ರೊಕ್‌ಹಾಟ್ ಎನ್ನುತ್ತಾರೆ. ಬೋರ್ಡಿನ ಯಾವುದೇ ಭಾಗ ಅದನ್ನು ಎಳೆದರೆ ಪ್ರೊಸೆಸರ್ ತಣ್ಣಗಿದ್ದರೂ ಕೆಳವೇಗಕ್ಕೆ ಬೀಳುತ್ತದೆ. ಕೆಲವು ಕಂಪನಿಗಳ ಚಾರ್ಜರ್‌ಗೆ ನಡುವೆ ಸಣ್ಣ ಪಿನ್ ಇರುತ್ತದೆ, ತಾನು ಎಷ್ಟು ವ್ಯಾಟಿನ ಚಾರ್ಜರ್ ಎಂದು ಲ್ಯಾಪ್‌ಟಾಪಿಗೆ ಹೇಳುವುದು ಅದೇ. ಆ ಪಿನ್ ಬಾಗಿದರೆ, ಒಳಗಿನ ತಂತಿ ಕಡಿದರೆ, ಇಲ್ಲವೇ ಅಗ್ಗದ ನಕಲಿ ಚಾರ್ಜರ್ ಹಾಕಿದರೆ ಮಷಿನ್ ನಂಬದೆ ವೇಗ ಕಟ್ಟಿಹಾಕುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ ನೋಡಿ. ವೇಗ ಮರಳಿ ಬಂದರೆ ಚಾರ್ಜರ್ ಅಥವಾ ಜ್ಯಾಕ್ ಬದಲಿಸಿದರೆ ಸಾಕು. ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಿಂದ ಈ ತಡೆ ತೆಗೆಯಬಹುದು, ಆದರೆ ಕಾರಣ ಹುಡುಕದೆ ನಾನು ತೆಗೆಯುವುದಿಲ್ಲ. ಬೋರ್ಡಿನ ಪವರ್ ಭಾಗ ನಿಜವಾಗಿಯೇ ಕಾದು ಎಚ್ಚರಿಸುತ್ತಿರಬಹುದು.

ವಿಡಿಯೋ ನೋಡುವಾಗ ಮಾತ್ರ ಫ್ಯಾನ್ ಕೂಗಿಕೊಳ್ಳುತ್ತದೆ ಎನ್ನುವವರಿಗೆ ಕಾರಣ ಕೋಡೆಕ್, ಅಂದರೆ ವಿಡಿಯೋವನ್ನು ಕುಗ್ಗಿಸಿ ಕಳಿಸುವ ಬಗೆ. ಎಚ್‌ಡಿ 5500ಗೆ ಎಚ್.264 ಪೂರ್ತಿ ಬರುತ್ತದೆ, ವಿಪಿ9 ಅರೆಬರೆ, ಎವಿ1 ಬರುವುದೇ ಇಲ್ಲ. ಇಂಟೆಲ್‌ನಲ್ಲಿ ಎವಿ1 ಬಿಡಿಸುವ ಹಾರ್ಡ್‌ವೇರ್ ಬಂದದ್ದು 2020ರ 11ನೇ ತಲೆಮಾರಿನಲ್ಲಿ. ಯೂಟ್ಯೂಬ್ ವಿಡಿಯೋ ಮೇಲೆ ಬಲ ಗುಂಡಿ ಒತ್ತಿ ಕೊನೆಯ ಸಾಲು ತೆರೆದರೆ ಯಾವ ಕೋಡೆಕ್ ಓಡುತ್ತಿದೆ ಎಂದು ಕಾಣುತ್ತದೆ. 'ಎವಿ01' ಎಂದಿದ್ದರೆ ಎಲ್ಲ ಹೊರೆ ಎರಡು ಕೋರ್‌ಗಳ ತಲೆಯ ಮೇಲೆ. ಬ್ರೌಸರಿಗೆ ಎಚ್264ಇಫೈ ಎಂಬ ಎಕ್ಸ್‌ಟೆನ್ಶನ್ ಹಾಕಿದರೆ ಎಚ್.264 ಬರತೊಡಗಿ ಸಿಪಿಯು ಹೊರೆ ಕೂಡಲೇ ಇಳಿಯುತ್ತದೆ. 1080ಪಿಗಿಂತ ಮೇಲೆ ಸಿಗುವುದಿಲ್ಲ, ಈ ಪರದೆಗಳಿಗೆ ಅದು ಬೇಕೂ ಇಲ್ಲ.

ವಿಂಡೋಸ್ ವಿಷಯ ಸ್ವಲ್ಪ ಗಂಭೀರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಎಂದು 2026ರ ಅಕ್ಟೋಬರ್ 13ರ ಗಡುವು ಕೊಟ್ಟರು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ 8ನೇ ತಲೆಮಾರಿನಿಂದ ಶುರು. ಅಡ್ಡದಾರಿಯಿಂದ 5200ಯು ಮೇಲೂ ಕೂರಿಸಬಹುದು, ಓಡುತ್ತದೆ. ಆದರೆ ಬ್ಯಾಂಕ್ ವ್ಯವಹಾರ, ಅಂಗಡಿಯ ಲೆಕ್ಕ ಇರುವ ಮಷಿನ್‌ಗೆ ನಾನು ಹಾಗೆ ಹಾಕಿಕೊಡುವುದಿಲ್ಲ. ಮುಂದಿನ ದೊಡ್ಡ ಅಪ್‌ಡೇಟ್ ಬಂದಾಗ ಅದನ್ನು ಕೈಯಿಂದಲೇ ಮಾಡಬೇಕಾಗುತ್ತದೆ, ಆಗ ನಿಂತರೆ ವ್ಯಾಪಾರವೂ ನಿಲ್ಲುತ್ತದೆ.

ಓದುವವರಿಗೆ, ಟೈಪ್ ಮಾಡುವವರಿಗೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ. 22ನೇ ಆವೃತ್ತಿಗೆ 2029ರವರೆಗೆ ಬೆಂಬಲ ಇದೆ, 8 ಜಿಬಿ ರ್‍ಯಾಮ್‌ನಲ್ಲಿ ಹಗುರವಾಗಿ ನಡೆಯುತ್ತದೆ. ನುಡಿ ಕೀಲಿಮಣೆಗೆ ಕೈ ಕೂತವರು ಅದರ ಐಬಸ್‌ನಲ್ಲಿ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ) ಕನ್ನಡ ಕೆಜಿಪಿ ವಿನ್ಯಾಸ ಆರಿಸಿಕೊಂಡರೆ ಅದೇ ಕೀಲಿಗಳಲ್ಲಿ ಯೂನಿಕೋಡ್ ಬರುತ್ತದೆ. ಟ್ಯಾಲಿ ಮತ್ತು ಪೇಜ್‌ಮೇಕರ್ ಬೇಕಾದವರಿಗೆ ಮಾತ್ರ ವಿಂಡೋಸ್ ಬಿಟ್ಟು ದಾರಿಯಿಲ್ಲ. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಲಗ್ನಪತ್ರಿಕೆ, ಕರಪತ್ರದ ಕೆಲಸ ಪೇಜ್‌ಮೇಕರ್ 7 ಮತ್ತು ಆಸ್ಕಿ (ಯೂನಿಕೋಡ್ ಅಲ್ಲದ ಹಳೆ ಬಗೆಯ) ನುಡಿ ಫಾಂಟಿನಲ್ಲಿ ಇನ್ನೂ ನಡೆಯುತ್ತಿದೆ. 2001ರ ಆ ತಂತ್ರಾಂಶಕ್ಕೆ 5200ಯು ಬೇಕಾದಷ್ಟು. ಅಂಥ ಮಷಿನ್‌ನಿಂದ ಇಂಟರ್ನೆಟ್ ಕಿತ್ತು, ಫೈಲ್‌ಗಳನ್ನು ಪೆನ್‌ಡ್ರೈವ್ ಮೂಲಕ ಸಾಗಿಸುವುದು ನನ್ನ ಸಲಹೆ.

ಇನ್ನು ಎಲ್ಲಿ ಕೈಬಿಡಬೇಕು. ವಿಡಿಯೋ ಎಡಿಟಿಂಗ್, ಆಂಡ್ರಾಯ್ಡ್ ಸ್ಟುಡಿಯೋ, ಸ್ಕ್ರೀನ್ ಹಂಚಿಕೊಂಡು ಪಾಠ ಮಾಡುವುದು, ಇವಕ್ಕೆ ಎರಡು ಕೋರ್ ಸಾಲುವುದಿಲ್ಲ. ಎಸ್‌ಎಸ್‌ಡಿ, ರ್‍ಯಾಮ್ ಎಷ್ಟು ಹಾಕಿದರೂ ಅಲ್ಲಿ ಬದಲಾಗುವುದು ಕಡಿಮೆ. 'ಐ7' ಎಂಬ ಸ್ಟಿಕ್ಕರಿಗೂ ಮರುಳಾಗಬೇಡಿ: ಐ7-5500ಯು ಕೂಡ 2 ಕೋರಿನದೇ. ಇಂಟೆಲ್‌ನ 15 ವ್ಯಾಟಿನ ಐ5 ನಾಲ್ಕು ಕೋರ್ ಆದದ್ದು 2017ರ 8ನೇ ತಲೆಮಾರಿನಲ್ಲಿ. ಐ5-8250ಯು ಅದೇ 15 ವ್ಯಾಟಿನಲ್ಲಿ 4 ಕೋರ್, 8 ಥ್ರೆಡ್, 6 ಎಂಬಿ ಕ್ಯಾಶ್, 3.4 ಗಿಗಾಹರ್ಟ್ಸ್ ಕೊಡುತ್ತದೆ, ವಿಂಡೋಸ್ 11 ಪಟ್ಟಿಯಲ್ಲೂ ಇದೆ. ಸೆಲೆರಾನ್ ಎನ್3060, ಎಎಂಡಿ ಇ1 ಥರದವು ಹೊಸದಿದ್ದಾಗಲೇ ನಿಧಾನದವು. ಅವಕ್ಕೆ ಒಂದು ರೂಪಾಯಿಯನ್ನೂ ಹಾಕಿಸುವುದಿಲ್ಲ.

ನನ್ನ ಲೆಕ್ಕ ಸರಳ. ಎಸ್‌ಎಸ್‌ಡಿ, ರ್‍ಯಾಮ್, ಬ್ಯಾಟರಿ ಸೇರಿ 8250ಯು ಇರುವ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನ ಬೆಲೆಯ ಮೂರನೇ ಒಂದು ಪಾಲು ದಾಟಿದರೆ ಹಳೆಯದಕ್ಕೆ ಖರ್ಚು ಮಾಡಬೇಡಿ ಎನ್ನುತ್ತೇನೆ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಗೋ ಬೇರೆಲ್ಲಿಗೋ ಹೋಗಿ ಅಂಥದ್ದನ್ನು ನೋಡುವಾಗ ಟಾಸ್ಕ್ ಮ್ಯಾನೇಜರಿನಲ್ಲಿ 4 ಕೋರ್, 8 ಲಾಜಿಕಲ್ (ಅಂದರೆ ಥ್ರೆಡ್) ಎಂದು ಇದೆಯೇ ನೋಡಿ. ಬ್ಯಾಟರಿ ರಿಪೋರ್ಟ್ ತೆಗೆಸಿ, ಮೂಲ ಸಾಮರ್ಥ್ಯದ ಶೇ. 60ಕ್ಕಿಂತ ಕಡಿಮೆ ಉಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ದುಡ್ಡು ಕೊಡುವ ಮೊದಲು ಬಯೋಸ್ ತೆರೆದು ತೋರಿಸಲು ಹೇಳಿ. ಕಂಪನಿ ಆಫೀಸುಗಳಿಂದ ಬಂದ ಮಷಿನ್‌ಗಳಲ್ಲಿ ಪಾಸ್‌ವರ್ಡ್ ಉಳಿದಿರುತ್ತದೆ. ಅವುಗಳಲ್ಲಿ ಅದು ಬೇರೆ ಚಿಪ್ಪಿನಲ್ಲಿ ಕೂತಿರುವುದರಿಂದ ಸೀಮಾಸ್ ಸೆಲ್ (ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ) ತೆಗೆದು ಹಾಕಿದರೂ ಹೋಗುವುದಿಲ್ಲ.