ಹವಾಲ್ದಾರ್‌ಗೆ ಕೊನೆಯ ವರ್ಷಗಳಲ್ಲಿ ಪ್ರಮೋಷನ್ ಬಂದರೆ ಲೆಕ್ಕ ಹಾಕುವುದು ಹೇಗೆ

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ನಮ್ಮೂರಿನ ಹುಡುಗ ಫೋನ್ ಮಾಡಿದ. ನನಗೆ ಹುಡುಗ, ಅವನಿಗೀಗ 43 ವರ್ಷ. ಸೇನೆಯಲ್ಲಿ ಹವಾಲ್ದಾರ್, 24ನೇ ವರ್ಷದ ಸರ್ವಿಸ್ ನಡೀತಿದೆ. "ಅಣ್ಣಾ, ನಾಯಬ್ ಸುಬೇದಾರ್ ಲಿಸ್ಟ್‌ನಲ್ಲಿ ನನ್ನ ಹೆಸರಿದೆ. ಇವಳು ಸಾಕು ಬನ್ನಿ ಅಂತಾಳೆ. ಏನು ಮಾಡಲಿ?" ಎಂದ. ನಾನು 30 ವರ್ಷ ಕ್ಲರ್ಕ್ ಆಗಿದ್ದು ಸುಬೇದಾರ್ ಆಗಿ ಬಂದವನು. ಇಂಥ ಕಾಗದ ಎಷ್ಟೋ ಕೈದಾಟಿಸಿದ್ದೇನೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಹೆಗಲ ಮೇಲಿನ ಸ್ಟಾರ್ ನೋಡುವ ಮೊದಲು ತಾರೀಕು ನೋಡಿ. ಹವಾಲ್ದಾರ್‌ಗೆ ಸರ್ವಿಸ್ 24 ವರ್ಷ. ಸ್ಕ್ರೀನಿಂಗ್ ಬೋರ್ಡ್ ಎಕ್ಸ್‌ಟೆನ್ಷನ್ ಕೊಟ್ಟರೆ ಇನ್ನೆರಡು, ಅಂದರೆ 26. ನಾಯಬ್ ಸುಬೇದಾರ್ ಆದರೆ 26, ಎಕ್ಸ್‌ಟೆನ್ಷನ್ ಸೇರಿ 28. ಸುಬೇದಾರ್‌ಗೆ 28, ಸೇರಿಸಿದರೆ 30. ವಯಸ್ಸಿನ ಮಿತಿ ಹವಾಲ್ದಾರ್‌ಗೆ 49, ಆ ಇಬ್ಬರಿಗೂ 52. ಯಾವುದು ಮೊದಲು ಬರುತ್ತದೋ ಅದೇ ಮನೆಗೆ ಬರುವ ದಿನ.

ಎಕ್ಸ್‌ಟೆನ್ಷನ್ ತಾನಾಗಿ ಸಿಗುವುದಿಲ್ಲ. ಮೆಡಿಕಲ್ ಕೆಟಗರಿ, ಎಸಿಆರ್ (ಮೇಲಧಿಕಾರಿ ಬರೆಯುವ ವಾರ್ಷಿಕ ವರದಿ), ಶಿಸ್ತು, ನಿಮ್ಮ ಒಪ್ಪಿಗೆ ಪತ್ರ ಎಲ್ಲ ನೋಡುತ್ತಾರೆ. ಹಾಗಾಗಿ ಎಕ್ಸ್‌ಟೆನ್ಷನ್ ಸಿಗದ ಹವಾಲ್ದಾರ್‌ಗೆ ಪ್ರಮೋಷನ್ ತುಂಬಾ ದೊಡ್ಡದು. 24ಕ್ಕೆ ಮುಗಿಯಬೇಕಿದ್ದ ನೌಕರಿ 26ಕ್ಕೆ ಹೋಗುತ್ತದೆ.

ಇನ್ನೊಂದು ವಿಷಯ ನನ್ನ ಹೊಟ್ಟೆ ಉರಿಸಿದ್ದು. ಪೆನ್ಶನ್‌ಗೆ ಹೋಗುವವರು ತಿಂಗಳ ಕೊನೇ ದಿನ ಹೋಗುತ್ತಾರೆ. ಅವರ ಜಾಗ ಖಾಲಿಯಾಗುವುದು ಮಾರನೇ ದಿನ, ಒಂದನೇ ತಾರೀಕು. ನಿಮ್ಮ ಡಿಸ್ಚಾರ್ಜ್ ಆಗಸ್ಟ್ 31, ವೇಕೆನ್ಸಿ ಸೆಪ್ಟೆಂಬರ್ 1 ಅಂತಾದರೆ ಒಂದೇ ದಿನದಲ್ಲಿ ಕೈತಪ್ಪಿತು. ಇದನ್ನು ಕಣ್ಣಾರೆ ಕಂಡಿದ್ದೇನೆ. ಲಿಸ್ಟ್‌ನಲ್ಲಿ ನಿಮಗಿಂತ ಮುಂದೆ ಯಾರಿದ್ದಾರೆ, ಮೇಲಿನವರು ಯಾವ ತಿಂಗಳು ಹೋಗುತ್ತಾರೆ ಅನ್ನೋದನ್ನು ಹೆಡ್ ಕ್ಲರ್ಕ್ ಹತ್ತಿರ ಕೂತು ಬರೆದುಕೊಳ್ಳಿ.

ಈಗ ದುಡ್ಡು. ಹವಾಲ್ದಾರ್ ಇರುವುದು ಪೇ ಲೆವೆಲ್ 5ರಲ್ಲಿ, ನಾಯಬ್ ಸುಬೇದಾರ್ 6ರಲ್ಲಿ. ನಮ್ಮ ಹುಡುಗನ ಬೇಸಿಕ್ 42,800. ಪ್ರಮೋಷನ್ ಆದಾಗ ಮೊದಲು ಹಳೇ ಲೆವೆಲ್‌ನಲ್ಲೇ ಒಂದು ಇಂಕ್ರಿಮೆಂಟ್ ಕೊಡುತ್ತಾರೆ, 44,100. ಆಮೇಲೆ ಸಂಬಳದ ಪಟ್ಟಿಯ ಲೆವೆಲ್ 6ರಲ್ಲಿ ಅದಕ್ಕೆ ಸಮ ಇರುವ, ಇಲ್ಲವೇ ಅದರ ಮೇಲಿನ ಅಂಕಿಗೆ ಕೂರಿಸುತ್ತಾರೆ. ಅದು 44,900.

ಪೆನ್ಶನ್ ಅಂದರೆ ಕೊನೆಯ ಸಂಬಳದ ಅರ್ಧ, ಅಥವಾ ಕೊನೆಯ 10 ತಿಂಗಳ ಸರಾಸರಿಯ ಅರ್ಧ, ಯಾವುದು ಜಾಸ್ತಿಯೋ ಅದು. ಬೇಸಿಕ್ ಜೊತೆ 5,200 ಎಂಎಸ್‌ಪಿಯೂ (ಮಿಲಿಟರಿ ಸರ್ವಿಸ್ ಪೇ) ಸೇರುತ್ತದೆ. ಇವನು ಎಂಎಸಿಪಿಯೂ (ಪ್ರಮೋಷನ್ ಇಲ್ಲದೆ ಸಂಬಳದ ಲೆವೆಲ್ ಏರಿಸುವ ಯೋಜನೆ) ಸಿಗದೆ ಹವಾಲ್ದಾರ್ ಆಗಿಯೇ ಉಳಿದು 26ಕ್ಕೆ ಬಂದರೆ ಬೇಸಿಕ್ 45,400, ಪೆನ್ಶನ್ 25,300. ನಾಯಬ್ ಸುಬೇದಾರ್ ಆಗಿ 28 ಮುಗಿಸಿದರೆ ಬೇಸಿಕ್ 50,500, ಪೆನ್ಶನ್ 27,850. ಡಿಎ ಇದರ ಮೇಲೆ. ತಿಂಗಳಿಗೆ 2,550 ವ್ಯತ್ಯಾಸ, ಜೀವ ಇರೋವರೆಗೆ. ಎರಡು ವರ್ಷದ ಪೂರ್ತಿ ಸಂಬಳ ಬೇರೆ.

ಆದರೆ ಎಂಎಸಿಪಿ ಬಂದವರ ಲೆಕ್ಕವೇ ಬೇರೆ. 8, 16, 24 ವರ್ಷಕ್ಕೆ ಸಿಗುವ ಆ ಹೆಚ್ಚಳದಲ್ಲಿ ನಿಮಗೆ ಆಗಲೇ ಲೆವೆಲ್ 6 ಬಂದಿದ್ದರೆ, ಪ್ರಮೋಷನ್ ದಿನ ಸಂಬಳ ಒಂದು ರೂಪಾಯಿಯೂ ಏರುವುದಿಲ್ಲ. ಜನ ಇಲ್ಲೇ ಬೇಜಾರಾಗಿ "ಸುಮ್ನೆ ಯಾಕೆ" ಅಂತ ಅನ್‌ವಿಲ್ಲಿಂಗ್, ಅಂದರೆ ಪ್ರಮೋಷನ್ ಬೇಡ ಅಂತ, ಬರೆದುಕೊಡುತ್ತಾರೆ. ದಯವಿಟ್ಟು ಅವಸರ ಮಾಡಬೇಡಿ. ನಿಮಗೆ ಸಿಗುವುದು ವರ್ಷಗಳು. ಆ ವರ್ಷಗಳ ಇಂಕ್ರಿಮೆಂಟ್, ಗ್ರಾಚ್ಯುಟಿ ಎಲ್ಲ ಅವುಗಳ ಹಿಂದೆಯೇ ಬರುತ್ತವೆ. ಓಆರ್‌ಓಪಿ (ಒನ್ ರ‍್ಯಾಂಕ್ ಒನ್ ಪೆನ್ಶನ್) ಟೇಬಲ್ ನೋಡುವುದೂ ರ್‍ಯಾಂಕ್ ಮತ್ತು ಸರ್ವಿಸ್ ಎಷ್ಟು ವರ್ಷ ಅಂತಲೇ.

ಸಂಬಳ ಏರುವವರು ಆಪ್ಷನ್ ಫಾರ್ಮ್ ಮರೆಯಬಾರದು. ಪ್ರಮೋಷನ್ ದಿನದಿಂದಲೇ ಫಿಕ್ಸ್ ಮಾಡಿಸಬಹುದು, ಇಲ್ಲವೇ ಮುಂದಿನ ಇಂಕ್ರಿಮೆಂಟ್ ದಿನದಿಂದ. ಅದೇ 42,800ರವನಿಗೆ ಸೆಪ್ಟೆಂಬರ್ 1ಕ್ಕೆ ಪ್ರಮೋಷನ್, ಇಂಕ್ರಿಮೆಂಟ್ ಜನವರಿ 1ಕ್ಕೆ ಅಂತಿಟ್ಟುಕೊಳ್ಳಿ. ಕಾಯುವ ಆಪ್ಷನ್ ಕೊಟ್ಟರೆ ನಾಲ್ಕು ತಿಂಗಳು 43,600 ಮಾತ್ರ, ಜನವರಿಯಿಂದ 46,200. ಕಾಯದಿದ್ದರೆ 44,900ರಲ್ಲೇ ಜುಲೈವರೆಗೆ ಇರಬೇಕು. ಕಾಯುವುದೇ ಲಾಭ ಅಲ್ವಾ? ಇಂಕ್ರಿಮೆಂಟ್ ಜುಲೈಯಲ್ಲಿದ್ದರೆ ಮಾತ್ರ ಎರಡೂ ಲೆಕ್ಕ ಹಾಕಿಸಿ ನೋಡಿ. ಕಾಯ್ದರೂ ಕಾಯದಿದ್ದರೂ ಜುಲೈಗೆ 46,200ಕ್ಕೇ ಬರುತ್ತೀರಿ, ಕಾಯ್ದರೆ ಹತ್ತು ತಿಂಗಳ ವ್ಯತ್ಯಾಸ ಹೋಗುತ್ತದೆ.

ಮತ್ತೆ ಭರ್ತಿಯಾಗುವ ಆಸೆ ಇದೆಯಾ? ಪೆನ್ಶನ್ ಬಂದವರು ಡಿಎಸ್‌ಸಿಗೆ, ಅಂದರೆ ಡಿಫೆನ್ಸ್ ಸೆಕ್ಯುರಿಟಿ ಕೋರ್‌ಗೆ ಸೇರುವುದುಂಟು. ಅದರ ಸೆಂಟರ್ ಕಣ್ಣೂರಿನಲ್ಲಿದೆ. ಅಲ್ಲಿ ಎರಡನೇ ಪೆನ್ಶನ್‌ಗೆ 15 ವರ್ಷ ಬೇಕು, ಸೇರುವುದಕ್ಕೂ ವಯಸ್ಸಿನ ಮಿತಿ ಇದೆ. ನಾಯಬ್ ಸುಬೇದಾರ್ ಆಗಿ 47ಕ್ಕೆ ಹೊರಬಂದವನಿಗೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ಡಿಎಸ್‌ಸಿಯೇ ಗುರಿ ಅಂದರೆ ಬೇಗ ಬರುವುದು ಒಳ್ಳೆಯದು. ನನ್ನನ್ನು ಕೇಳಿದರೆ, ಕೈಯಲ್ಲಿರುವ ಪ್ರಮೋಷನ್ ಬಿಟ್ಟು ಅದಕ್ಕೆ ಕಾಯಬಾರದು.

ಪ್ರಮೋಷನ್ ಆದ ವಾರವೇ ಪಾರ್ಟ್ ಟು ಆರ್ಡರ್ (ಪ್ರಮೋಷನ್ ದಾಖಲಿಸುವ ಯೂನಿಟ್ ಆದೇಶ) ಹೊರಬಿತ್ತಾ ನೋಡಿ. ನಾನು ಸುಬೇದಾರ್ ಆದಾಗ ಅದೊಂದು ಕಾಗದ ತಡವಾಗಿ, ಪಿಪಿಓದಲ್ಲಿ (ಪೆನ್ಶನ್ ಆದೇಶ ಪತ್ರ) ಹಳೇ ಸಂಬಳವೇ ಬಂತು. ಸರಿಮಾಡಿಸುವುದಕ್ಕೆ ಎಂಟು ತಿಂಗಳು ಓಡಾಡಿದೆ. ಕ್ಲರ್ಕ್ ಆಗಿದ್ದ ನನಗೇ ಹೀಗಾಯಿತು. ಆರ್ಡರ್ ಕಾಪಿ, ಪ್ರಮೋಷನ್‌ಗೆ ಮುಂಚಿನ ಮತ್ತು ನಂತರದ ಪೇ ಸ್ಲಿಪ್, ಮೂರರ ಫೋಟೋ ತೆಗೆದು ಮನೆಯವರ ಫೋನ್‌ಗೂ ಕಳಿಸಿ.

ಹುಡುಗ ನಿನ್ನೆ ಪೇ ಸ್ಲಿಪ್ ಕಳಿಸಿದ್ದ. ಎಂಎಸಿಪಿ ಇನ್ನೂ ಬಂದಿಲ್ಲ, ಇಂಕ್ರಿಮೆಂಟ್ ಜನವರಿ. ಅವನ ಹೆಂಡತಿಗೆ ನಾನೇ ಫೋನ್ ಮಾಡಿ ಎರಡೂ ಲೆಕ್ಕ ಓದಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳ ಪಿಯುಸಿ ಮುಗಿಯೋದ್ರೊಳಗೆ ಒಂದು ಸಲ ಫ್ಯಾಮಿಲಿ ಸ್ಟೇಷನ್ ಸಿಗುತ್ತಾ ಕೇಳಿ ಅಣ್ಣಾ" ಎಂದಳು. ಅಂದರೆ ಸಂಸಾರ ಜೊತೆಗಿರಬಹುದಾದ ಪೋಸ್ಟಿಂಗ್. ಅದನ್ನೂ ಕೇಳುವ ಪಟ್ಟಿಗೆ ಸೇರಿಸಿದ್ದೇನೆ.